ಎಚ್-ಇಂಡೆಕ್ಸ್ 52 ಮತ್ತು 24: ಯಾರನ್ನು ಗೈಡ್ ಆಗಿ ಆರಿಸಿಕೊಳ್ಳಲಿ?

ಪ್ರಶ್ನೆ: ಸೂಕ್ಷ್ಮಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ಔಷಧಕ್ಕೆ ಬಗ್ಗದ ಕ್ಷಯರೋಗದ ಮೇಲೆ ಪಿಎಚ್.ಡಿ. ಮಾಡಬೇಕೆಂದಿದ್ದೇನೆ. ಸಾಂಕ್ರಾಮಿಕ ರೋಗಗಳ ಇಬ್ಬರು ತಜ್ಞರು ನನ್ನನ್ನು ತೆಗೆದುಕೊಳ್ಳಲು ಒಪ್ಪಿದ್ದಾರೆ. ಗೂಗಲ್ ಸ್ಕಾಲರ್‌ನಲ್ಲಿ ಮೊದಲನೆಯವರಿಗೆ 380 ಪ್ರಬಂಧ, 41,000 ಉಲ್ಲೇಖ (ಬೇರೆ ಪ್ರಬಂಧಗಳು ಅವರ ಕೆಲಸವನ್ನು ಹೆಸರಿಸಿದ ಸಲಗಳು), ಎಚ್-ಇಂಡೆಕ್ಸ್ 52. ‘ಜಗತ್ತಿನ ಅಗ್ರ ಶೇ. 2 ವಿಜ್ಞಾನಿಗಳ’ ಪಟ್ಟಿಯಲ್ಲೂ ಅವರ ಹೆಸರಿದೆ. ಎರಡನೆಯವರಿಗೆ 70 ಪ್ರಬಂಧ, 2,600 ಉಲ್ಲೇಖ, ಎಚ್-ಇಂಡೆಕ್ಸ್ 24. ‘ಇದರಲ್ಲಿ ಯೋಚಿಸುವುದೇನಿದೆ?’ ಅಂತ ಎಲ್ಲರೂ ಕೇಳುತ್ತಾರೆ. ಈ ಅಂಕಿಗಳನ್ನು ಎಷ್ಟರಮಟ್ಟಿಗೆ ನಂಬಬೇಕು?

ಉತ್ತರ: ಯೋಚಿಸುವುದು ಸಾಕಷ್ಟಿದೆ. ನೀವು ಕೊಟ್ಟ ಅಂಕಿಗಳಿಂದಲೇ ಶುರು ಮಾಡೋಣ, ಏಕೆಂದರೆ ಅವುಗಳೊಳಗೇ ಒಂದು ಸುಳಿವಿದೆ.

ಎಚ್-ಇಂಡೆಕ್ಸ್ ಎಂಬ ಅಳತೆಯನ್ನು 2005ರಲ್ಲಿ ಸೂಚಿಸಿದವರು ಭೌತವಿಜ್ಞಾನಿ ಹೋರ್ಹೆ ಹಿರ್ಶ್. ಒಬ್ಬರ ಎಚ್-ಇಂಡೆಕ್ಸ್ 24 ಎಂದರೆ, ಅವರ ಪ್ರಬಂಧಗಳ ಪೈಕಿ 24ಕ್ಕೆ ತಲಾ ಕನಿಷ್ಠ 24 ಉಲ್ಲೇಖ ಬಂದಿವೆ. 25 ಪ್ರಬಂಧಗಳಿಗೆ ತಲಾ 25 ಇನ್ನೂ ಬಂದಿಲ್ಲ. ಒಂದು ಪ್ರಬಂಧಕ್ಕೆ ಹತ್ತು ಸಾವಿರ ಉಲ್ಲೇಖ ಬಂದರೂ ಎಚ್-ಇಂಡೆಕ್ಸಿನ ಕಣ್ಣಿಗೆ ಅದು ಒಂದೇ ಪ್ರಬಂಧ. ಹಿರ್ಶ್ ಅದೇ ಲೇಖನದಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಿದ್ದರು: ಒಟ್ಟು ಉಲ್ಲೇಖಗಳನ್ನು ಎಚ್-ಇಂಡೆಕ್ಸಿನ ವರ್ಗದಿಂದ ಭಾಗಿಸಿದರೆ ಸಾಮಾನ್ಯವಾಗಿ 3ರಿಂದ 5ರ ನಡುವಿನ ಸಂಖ್ಯೆ ಸಿಗುತ್ತದೆ. ಅವರು ಮುಖ್ಯವಾಗಿ ಪರೀಕ್ಷಿಸಿದ್ದು ಭೌತವಿಜ್ಞಾನಿಗಳ ಪಟ್ಟಿಗಳನ್ನು. ಆದರೂ ಮೊದಲ ಅಂದಾಜಿಗೆ ಈ ಲೆಕ್ಕ ನಮಗೂ ಸಾಕು.

ಎರಡನೆಯವರದ್ದು ನೋಡಿ. 24ರ ವರ್ಗ 576. 2,600ನ್ನು ಅದರಿಂದ ಭಾಗಿಸಿದರೆ 4.5. ಸಹಜವಾದ ಸಂಖ್ಯೆ, ಉಲ್ಲೇಖಗಳು ಹಲವು ಪ್ರಬಂಧಗಳಿಗೆ ಹಂಚಿಹೋಗಿವೆ ಎಂದರ್ಥ. ಮೊದಲನೆಯವರದ್ದು ಹಾಗಿಲ್ಲ. 52ರ ವರ್ಗ 2,704. 41,000ನ್ನು ಅದರಿಂದ ಭಾಗಿಸಿದರೆ 15 ದಾಟುತ್ತದೆ. 5ರ ಲೆಕ್ಕ ಹಿಡಿದರೂ 52ರ ಎಚ್-ಇಂಡೆಕ್ಸಿಗೆ ಸುಮಾರು 13,500 ಉಲ್ಲೇಖ ಇರಬೇಕಿತ್ತು. ಮಿಕ್ಕ 27,000ಕ್ಕೂ ಹೆಚ್ಚು ಎಲ್ಲಿಂದ ಬಂದವು? ಬೆರಳೆಣಿಕೆಯ ಕೆಲವು ಪ್ರಬಂಧಗಳು ಅಷ್ಟನ್ನೂ ಹೊತ್ತು ತಂದಿರಬೇಕು. ಅವು ಯಾವುವು, ಅವುಗಳಲ್ಲಿ ಇವರ ಕೈ ಎಷ್ಟಿದೆ ಎನ್ನುವುದೇ ನಿಮ್ಮ ಮೊದಲ ಪ್ರಶ್ನೆಯಾಗಬೇಕು.

ಪ್ರೊಫೈಲ್ ತೆರೆದರೆ ಗೂಗಲ್ ಸ್ಕಾಲರ್ ಹೆಚ್ಚು ಉಲ್ಲೇಖ ಪಡೆದದ್ದನ್ನೇ ಮೇಲೆ ತೋರಿಸುತ್ತದೆ. ಮೇಲಿನ ಐದಾರು ಪ್ರಬಂಧಗಳನ್ನು ಒಂದೊಂದಾಗಿ ತೆರೆಯಿರಿ. ಪ್ರೊಫೈಲಿನಲ್ಲಿ ಲೇಖಕರ ಹೆಸರುಗಳು ಮೊಟಕಾಗಿ ಕಾಣುತ್ತವೆ, ಪೂರ್ತಿ ಪಟ್ಟಿ ಬೇಕಾದರೆ ಪ್ರಬಂಧದೊಳಗೇ ಹೋಗಬೇಕು. ಸಾಂಕ್ರಾಮಿಕ ರೋಗಗಳ ಕ್ಷೇತ್ರದಲ್ಲಿ ಇಂಥ ಭಾರೀ ಪ್ರಬಂಧಗಳು ಹೆಚ್ಚಾಗಿ ಮೂರು ಬಗೆಯವು.

ಒಂದು, ಬಹುದೇಶೀಯ ಒಕ್ಕೂಟಗಳ ಕೆಲಸ. ಔಷಧನಿರೋಧಕ ಬ್ಯಾಕ್ಟೀರಿಯಾಗಳಿಂದ 2019ರಲ್ಲಿ ನೇರವಾಗಿ ಸುಮಾರು 12.7 ಲಕ್ಷ ಸಾವುಗಳಾದವು ಎಂದು ಅಂದಾಜಿಸಿದ, 2022ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಅಧ್ಯಯನ ಅಂಥದ್ದು. ಈ ವಿಷಯದ ಮೇಲೆ ಬರೆಯುವ ಹೆಚ್ಚಿನವರು ಪೀಠಿಕೆಯ ಮೊದಲ ಸಾಲುಗಳಲ್ಲೇ ಅದನ್ನು ಉಲ್ಲೇಖಿಸುತ್ತಾರೆ. ಕೋವಿಡ್ ಕಾಲದಲ್ಲಿ ಇದು ಇನ್ನೂ ದೊಡ್ಡದಾಯಿತು: ಶಸ್ತ್ರಚಿಕಿತ್ಸೆಗೆ ಕಾದಿರುವ ರೋಗಿಗಳಿಗೆ ಲಸಿಕೆ ಮೊದಲು ಸಿಗಬೇಕೆ ಎಂದು ಲೆಕ್ಕಹಾಕಿದ 2021ರ ಒಂದು ಪ್ರಬಂಧಕ್ಕೆ 15,025 ಲೇಖಕರು. ಗಿನ್ನೆಸ್ ಅದನ್ನು ದಾಖಲೆಯೆಂದು ಗುರುತಿಸಿತು. ಹೀಗೆ ಬಂದ ಪ್ರತಿ ಉಲ್ಲೇಖವೂ ಗೂಗಲ್ ಸ್ಕಾಲರ್‌ನಲ್ಲಿ ಎಲ್ಲ ಲೇಖಕರ ಖಾತೆಗೂ ಪೂರ್ತಿಯಾಗಿ ಜಮೆಯಾಗುತ್ತದೆ. ಹಂಚಿಕೆ ಎಂಬುದಿಲ್ಲ.

ಎರಡನೆಯದು ವ್ಯಾಖ್ಯೆಗಳು ಮತ್ತು ಚಿಕಿತ್ಸಾ ಮಾರ್ಗಸೂಚಿಗಳು. ಬ್ಯಾಕ್ಟೀರಿಯಾ ಯಾವಾಗ ‘ಬಹುಔಷಧ ನಿರೋಧಕ’, ಯಾವಾಗ ‘ಸರ್ವಔಷಧ ನಿರೋಧಕ’ ಎಂದು ನಿಗದಿಪಡಿಸಿದ 2012ರ ತಜ್ಞರ ಪ್ರಸ್ತಾವವೊಂದಿದೆ. ಆ ಪದಗಳನ್ನು ಬಳಸುವ ಪ್ರಯೋಗಾಲಯಗಳೆಲ್ಲ ಅದನ್ನು ಉಲ್ಲೇಖಿಸಲೇಬೇಕು, ಹಾಗಾಗಿ ಉಲ್ಲೇಖಗಳು ಸಾವಿರಗಟ್ಟಲೆ. ಅಗತ್ಯವಾದ, ಒಳ್ಳೆಯ ಕೆಲಸ ಅದು. ಆದರೆ ಸಮಿತಿಯಲ್ಲಿ ಕುಳಿತು ವ್ಯಾಖ್ಯೆ ಬರೆಯುವ ಕೌಶಲವೇ ಬೇರೆ, ವಿದ್ಯಾರ್ಥಿಗೆ ಪ್ರಯೋಗ ಕಲಿಸುವ ಕೌಶಲವೇ ಬೇರೆ.

ಮೂರನೆಯದು, ಪಿಡುಗು ಕಾಣಿಸಿಕೊಂಡ ಹೊತ್ತಿಗೆ ಮೊದಲು ಬಂದ ವರದಿಗಳು. ವುಹಾನ್‌ನ 41 ರೋಗಿಗಳ ಲಕ್ಷಣಗಳನ್ನು ವಿವರಿಸಿದ 2020ರ ಜನವರಿಯ ಲ್ಯಾನ್ಸೆಟ್ ವರದಿ ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದ ವೈದ್ಯಕೀಯ ಪ್ರಬಂಧಗಳ ಸಾಲಿಗೆ ಸೇರಿದೆ. ಅದನ್ನು ಬರೆದ ವೈದ್ಯರ ತುರ್ತು ಮತ್ತು ಶಿಸ್ತು ದೊಡ್ಡದು. ಆದರೆ ಅಷ್ಟೇ ಶಿಸ್ತಿನಿಂದ 41 ಕ್ಷಯರೋಗಿಗಳ ಬಗ್ಗೆ ಬರೆದವರಿಗೆ ನಲವತ್ತು ಉಲ್ಲೇಖ ಸಿಕ್ಕರೂ ಅದೃಷ್ಟ. ವ್ಯತ್ಯಾಸ ಬಂದಿದ್ದು ರೋಗದಿಂದ ಮತ್ತು ಕಾಲದಿಂದ. ಆ ಅಲೆಯ ಎತ್ತರ ತಿಳಿಯಬೇಕಾದರೆ ಲ್ಯಾನ್ಸೆಟ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ (ಹಿಂದಿನ ಎರಡು ವರ್ಷಗಳ ಪ್ರಬಂಧಗಳಿಗೆ ಒಂದು ವರ್ಷದಲ್ಲಿ ಬಂದ ಸರಾಸರಿ ಉಲ್ಲೇಖ) ನೋಡಿ: 2020ರ ಲೆಕ್ಕದಲ್ಲಿ 79 ಇದ್ದದ್ದು 2021ರ ಲೆಕ್ಕದಲ್ಲಿ 202ಕ್ಕೆ ಜಿಗಿಯಿತು. ಆಮೇಲೆ ಇಳಿಯುತ್ತಾ ಬಂತು. ಪತ್ರಿಕೆಯ ಸಂಪಾದಕರು ಒಂದೇ ವರ್ಷದಲ್ಲಿ ಎರಡೂವರೆ ಪಟ್ಟು ಜಾಣರಾಗಲಿಲ್ಲ, ಎರಡು ವರ್ಷದ ಕಿಟಕಿಯೊಳಗೆ ಕೋವಿಡ್ ಬಂದು ಕೂತಿತು. ಆದ್ದರಿಂದ ಒಬ್ಬರ ಪ್ರೊಫೈಲಿನ ಬಲಬದಿಯ ಕಂಬಚಿತ್ರದಲ್ಲಿ 2021, 2022ರ ಹೊತ್ತಿಗೆ ಏಕಾಏಕಿ ಏರು ಕಂಡರೆ, ಅದು ಅವರು ಏರಿದ್ದೋ ಅಲೆ ಏರಿಸಿದ್ದೋ ಎಂದು ನೋಡಬೇಕು.

ಇಷ್ಟು ಹೇಳಿದ ಮಾತ್ರಕ್ಕೆ ಮೊದಲನೆಯವರನ್ನು ಸಂಶಯದಿಂದ ನೋಡಿ ಎಂದಲ್ಲ. ದೂರದ ಆಸ್ಪತ್ರೆಯೊಂದರಿಂದ ವರ್ಷಾನುಗಟ್ಟಲೆ ಮಾದರಿ ಸಂಗ್ರಹಿಸಿ ಒಕ್ಕೂಟಕ್ಕೆ ಕಳಿಸಿದವರ ಹೆಸರು ಪ್ರಬಂಧದಲ್ಲಿ ಇರಲೇಬೇಕೆಂದು ವಾದಿಸುವವರಲ್ಲಿ ನಾನೂ ಒಬ್ಬ. ಬಡ ದೇಶಗಳ ಸಂಶೋಧಕರಿಗೆ ಎಷ್ಟೋ ಸಲ ಆ ಗೌರವವೂ ದಕ್ಕುವುದಿಲ್ಲ. ನಾನು ಹೇಳುವುದಿಷ್ಟು: ಆ 41,000 ಎಂಬ ಮೊತ್ತ ನಿಮ್ಮ ಮುಂದಿರುವ ಆಯ್ಕೆಗೆ ಉತ್ತರವಲ್ಲ. ಮೇಲಿನ ಐದು ಪ್ರಬಂಧಗಳನ್ನು ಬದಿಗಿಟ್ಟು ಉಳಿದದ್ದನ್ನು ಎರಡನೆಯವರ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಅಂತರ ಎಷ್ಟು ಕುಗ್ಗುತ್ತದೆಂದು ನಿಮಗೇ ಕಾಣುತ್ತದೆ.

ಈಗ 24ರ ಬಗ್ಗೆ. ಇದನ್ನು ಜನ ಸಣ್ಣದೆಂದು ತಳ್ಳಿಬಿಡುವುದು ನನಗೆ ನಿಜಕ್ಕೂ ನೋವಿನ ಸಂಗತಿ. ನೀವು ಆರಿಸಿಕೊಂಡಿರುವ ರೋಗವೇ ನಿಧಾನದ್ದು. ಪ್ರಯೋಗಾಲಯದ ಸಾಮಾನ್ಯ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾದರೆ ಕ್ಷಯದ ಬ್ಯಾಕ್ಟೀರಿಯಾಕ್ಕೆ ಸುಮಾರು ಇಪ್ಪತ್ತು ಗಂಟೆ ಬೇಕು. ಘನ ಮಾಧ್ಯಮದಲ್ಲಿ ಅದು ಕಣ್ಣಿಗೆ ಕಾಣುವಷ್ಟು ಬೆಳೆಯಲು ವಾರಗಳು ಹಿಡಿಯುತ್ತವೆ, ಆಮೇಲೆ ಔಷಧಪರೀಕ್ಷೆಗೆ ಮತ್ತೆ ವಾರಗಳು. ಚಿಕಿತ್ಸೆ ಫಲಿಸಿತೇ, ರೋಗ ಮರುಕಳಿಸಿತೇ ಎಂದು ತಿಳಿಯಬೇಕಾದರೆ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು. ಹೀಗಿರುವಾಗ ಸ್ವಂತ ಕೆಲಸದ ಮೇಲೆ ನಿಂತ 70 ಪ್ರಬಂಧ ಕಡಿಮೆಯಲ್ಲ. ಒಂದು ಕ್ಷೇತ್ರದೊಳಗೇ ಎಚ್‌ಐವಿ ಸಂಶೋಧಕರ ಬಳಗ ದೊಡ್ಡದು, ಉಲ್ಲೇಖಿಸುವ ಕೈಗಳು ಹೆಚ್ಚು. ಕಾಲಾ ಅಜಾರ್ ಅಥವಾ ಬುರುಲಿ ಹುಣ್ಣಿನ ಮೇಲೆ ಕೆಲಸ ಮಾಡುವವರು ಕೆಲವೇ ಮಂದಿ. ಚಿಕ್ಕ ಬಳಗದಲ್ಲಿ ಎಲ್ಲರೂ ಉಲ್ಲೇಖಿಸಿದರೂ ಸಂಖ್ಯೆ ಚಿಕ್ಕದೇ. ಈ ತಾರತಮ್ಯ ಸರಿಪಡಿಸಲೆಂದೇ ಕ್ಷೇತ್ರ ಮತ್ತು ವರ್ಷಕ್ಕೆ ತಕ್ಕಂತೆ ಹೊಂದಿಸಿದ ಅಳತೆಗಳಿವೆ. ಪ್ರಬಂಧ, ಉಲ್ಲೇಖಗಳ ದತ್ತಾಂಶಕೋಶವಾದ ಸ್ಕೋಪಸ್‌ನ ಅಂಥ ಅಳತೆಯಲ್ಲಿ 1 ಎಂದರೆ ಅದೇ ವಿಷಯದ, ಅದೇ ವರ್ಷದ, ಅದೇ ಬಗೆಯ ಪ್ರಬಂಧಗಳ ಜಾಗತಿಕ ಸರಾಸರಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಐಸೈಟ್ ತಾಣದಲ್ಲೂ ಇಂಥದೇ ಲೆಕ್ಕ ಪುಕ್ಕಟೆಯಾಗಿ ಸಿಗುತ್ತದೆ. ಇಬ್ಬರ ಪ್ರಬಂಧಗಳನ್ನೂ ಅದರಲ್ಲಿ ಹಾಕಿ ನೋಡಲು ಒಂದು ಸಂಜೆ ಸಾಕು. ಸರಾಸರಿಯ ಜೊತೆಗೆ ಮಧ್ಯಮಾಂಕವನ್ನೂ (ಏರಿಕೆಯ ಸಾಲಿನಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ) ನೋಡಿ, ಒಂದೆರಡು ದೈತ್ಯ ಪ್ರಬಂಧಗಳು ಸರಾಸರಿಯನ್ನು ಎಳೆದುಬಿಡುತ್ತವೆ.

ಉಲ್ಲೇಖಗಳು ತಡವಾಗಿ ಬರುವುದೂ ಉಂಟು. ನಮ್ಮ ಕ್ಷೇತ್ರದಲ್ಲಿ ಇದಕ್ಕೆ ಶಂಭುನಾಥ ಡೇ ಅವರಿಗಿಂತ ದೊಡ್ಡ ಸಾಕ್ಷಿಯಿಲ್ಲ. ಕಾಲರಾದ ರೋಗಾಣು ಒಂದು ವಿಷವನ್ನು ಸ್ರವಿಸಿ ಕೊಲ್ಲುತ್ತಿರಬೇಕು ಎಂದು ರಾಬರ್ಟ್ ಕಾಖ್ 1884ರಲ್ಲೇ ಊಹಿಸಿದ್ದರು. ಮುಂದಿನ ಏಳು ದಶಕ ಅದನ್ನು ಯಾರಿಗೂ ತೋರಿಸಲಾಗಲಿಲ್ಲ. ಕಲ್ಕತ್ತಾದ ರೋಗಶಾಸ್ತ್ರಜ್ಞ ಡೇ 1953ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಮೊಲದ ಸಣ್ಣಕರುಳಿನ ಒಂದು ತುಂಡನ್ನು ಎರಡೂ ಕಡೆ ಬಿಗಿದು, ಅದರೊಳಗೆ ಕಾಲರಾ ರೋಗಾಣುವನ್ನು ಬಿಟ್ಟರು. ಕರುಳಿನ ಕುಣಿಕೆ ನೀರು ತುಂಬಿ ಊದಿಕೊಂಡಿತು. 1959ರಲ್ಲಿ ರೋಗಾಣುಗಳನ್ನು ಸಂಪೂರ್ಣ ಸೋಸಿ ತೆಗೆದ ದ್ರವವನ್ನಷ್ಟೇ ಹಾಕಿದರು, ಆಗಲೂ ಊದಿಕೊಂಡಿತು. ಅಂದರೆ ಜೀವಂತ ರೋಗಾಣುವೇ ಬೇಕಿಲ್ಲ, ಅದು ಹೊರಬಿಟ್ಟ ವಿಷವೇ ಸಾಕು. ಆ ಫಲಿತಾಂಶ ನೇಚರ್ ಪತ್ರಿಕೆಯಲ್ಲಿ ಪುಟ್ಟ ಟಿಪ್ಪಣಿಯಾಗಿ ಬಂತು. ಕಾಲರಾದಲ್ಲಿ ದೇಹದ ನೀರೆಲ್ಲ ಏಕೆ ಹರಿದುಹೋಗುತ್ತದೆ ಎಂಬ ತಿಳುವಳಿಕೆಗೆ ತಳಪಾಯ ಬಿದ್ದದ್ದು ಅಲ್ಲಿ.

ಜಗತ್ತು ಅದನ್ನು ಕೂಡಲೇ ಎತ್ತಿಕೊಳ್ಳಲಿಲ್ಲ. ಹಲವು ವರ್ಷ ಆ ಟಿಪ್ಪಣಿಯನ್ನು ಉಲ್ಲೇಖಿಸಿದವರು ವಿರಳ. 1969ರಲ್ಲಿ ಫಿಂಕಲ್‌ಸ್ಟೈನ್ ಮತ್ತು ಲೊಸ್ಪಾಲುಟೊ ಆ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು, ಕಾಲರಾ ಸಂಶೋಧನೆ ಚುರುಕಾಯಿತು, ಮೂಲವನ್ನು ಹುಡುಕಿಕೊಂಡು ಬಂದವರು ಡೇ ಅವರ ಬಳಿ ನಿಂತರು. 1978ರಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರಗೋಷ್ಠಿಗೆ ಅವರಿಗೆ ಆಹ್ವಾನ ಬಂತು. ಅಷ್ಟರಲ್ಲಿ ಅವರು ನಿವೃತ್ತರಾಗಿ ಐದು ವರ್ಷವಾಗಿತ್ತು. ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಅವರು ಡೇ ಹೆಸರನ್ನು ನೊಬೆಲ್‌ಗೆ ಸೂಚಿಸಿದ್ದರು, ಅದು ಸಿಗಲಿಲ್ಲ. ಡೇ 1985ರಲ್ಲಿ ತೀರಿಕೊಂಡರು. ಮರುವರ್ಷ, ವಿಜ್ಞಾನಕ್ಕೆ ಉಲ್ಲೇಖಗಳ ಸೂಚಿ ಎಂಬ ಕಲ್ಪನೆಯನ್ನು ತಂದು 1964ರಲ್ಲಿ ಅದನ್ನು ಪ್ರಕಟಿಸಿದ ಯೂಜೀನ್ ಗಾರ್ಫೀಲ್ಡ್, ಕಾಲರಾ ಸಂಶೋಧನೆಯ ಉಲ್ಲೇಖಗಳನ್ನು ನಕ್ಷೆ ಮಾಡಿ ಡೇ ಅವರ ಪ್ರಭಾವವನ್ನು ಕುರಿತು ಪ್ರಬಂಧ ಬರೆದರು. 1959ರ ಆ ಟಿಪ್ಪಣಿ ಎಲ್ಲೆಲ್ಲಿ ಬೇರುಬಿಟ್ಟಿತು ಎಂದು ತೋರಿಸಲು ಅದೇ ಉಲ್ಲೇಖಗಳ ದತ್ತಾಂಶ ಬೇಕಾಯಿತು ಎನ್ನುವುದನ್ನೂ ಮರೆಯಬಾರದು. ಉಲ್ಲೇಖಗಳು ನಿರುಪಯೋಗಿ ಎಂದು ನಾನು ಎಂದೂ ಹೇಳುವುದಿಲ್ಲ. ತಾಳ್ಮೆಯಿಂದ ಒಂದೊಂದನ್ನೂ ಓದಿದರೆ ಅವು ವಿಚಾರವೊಂದು ನಡೆದುಬಂದ ದಾರಿಯನ್ನು ತೋರಿಸುತ್ತವೆ. 1965ರಲ್ಲಿ ಒಬ್ಬ ವಿದ್ಯಾರ್ಥಿ ಡೇ ಅವರ ಅಂಕಿಗಳನ್ನಷ್ಟೇ ನೋಡಿದ್ದರೆ ಮುಂದಕ್ಕೆ ಹೋಗಿಬಿಡುತ್ತಿದ್ದ ಎನ್ನುವುದೂ ಅಷ್ಟೇ ನಿಜ.

ಲೇಖಕರ ಹೆಸರೇ ಇಲ್ಲದ ಪ್ರಬಂಧವೂ ಇದೆ. ಮಲೇರಿಯಾ ಔಷಧ ಆರ್ಟೆಮಿಸಿನಿನ್‌ನ ರಚನೆಯನ್ನು ಪ್ರಕಟಿಸಿದ 1977ರ ಚೀನೀ ಪ್ರಬಂಧದಲ್ಲಿ ಲೇಖಕರ ಜಾಗದಲ್ಲಿ ಇದ್ದದ್ದು ಒಂದು ಸಮನ್ವಯ ತಂಡದ ಹೆಸರು. ಆ ಔಷಧದ ಶೋಧಕ್ಕೆ ತು ಯೊಯೊ 2015ರಲ್ಲಿ ನೊಬೆಲ್ ಪಡೆದರು. ಅವರ ಆ ಕೆಲಸವನ್ನು ಯಾವ ಎಚ್-ಇಂಡೆಕ್ಸೂ ಹಿಡಿದಿಡಲಾರದು.

ಇನ್ನೊಂದು ಮುಖ್ಯ ಸಂಗತಿ: ಉಲ್ಲೇಖವೆಂದರೆ ಮೆಚ್ಚುಗೆ ಅಲ್ಲ. ಖಂಡಿಸಲು ಉಲ್ಲೇಖಿಸಿದರೂ ಲೆಕ್ಕದಲ್ಲಿ ಒಂದು ಕೂಡುತ್ತದೆ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ 1998ರ ಲ್ಯಾನ್ಸೆಟ್ ಪ್ರಬಂಧ 12 ಮಕ್ಕಳ ಮೇಲೆ ನಿಂತಿತ್ತು. ಅದನ್ನು 2010ರಲ್ಲಿ ಹಿಂಪಡೆಯಲಾಯಿತು. ಅದಕ್ಕೆ ಬಂದಿರುವ ಉಲ್ಲೇಖಗಳು ಸಾವಿರಾರು. ಕೋವಿಡ್‌ಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ಕೊಡಬಹುದೆಂದ 2020ರ ಮಾರ್ಚ್‌ನ ಫ್ರೆಂಚ್ ಪ್ರಬಂಧ ಜಗತ್ತಿನಾದ್ಯಂತ ಆ ಮಾತ್ರೆಗೆ ಮುಗಿಬೀಳುವಂತೆ ಮಾಡಿತು. ಹಿಂಪಡೆದದ್ದು 2024ರ ಡಿಸೆಂಬರ್‌ನಲ್ಲಿ, ಅಂದರೆ ನಾಲ್ಕೂವರೆ ವರ್ಷಕ್ಕೂ ಹೆಚ್ಚು ಕಳೆದ ಮೇಲೆ. ಅದೇ ಔಷಧ ಅಪಾಯಕಾರಿ ಎಂದ ಇನ್ನೊಂದು ಪ್ರಬಂಧ 2020ರ ಮೇ 22ರಂದು ಲ್ಯಾನ್ಸೆಟ್‌ನಲ್ಲಿ ಬಂತು. ಆಧಾರವಾಗಿದ್ದ ದತ್ತಾಂಶವನ್ನು ಯಾರೂ ಪರಿಶೀಲಿಸಲಾಗದೆ ಜೂನ್ 4ರಂದೇ ಹಿಂಪಡೆಯಲಾಯಿತು. ಅಷ್ಟರಲ್ಲಿ ಕೆಲವು ಕಡೆ ರೋಗಿಗಳ ಮೇಲಿನ ಪ್ರಯೋಗಗಳು ಸ್ಥಗಿತಗೊಂಡಿದ್ದವು. ಮೂರನ್ನೂ ಇಂದಿಗೂ ಉಲ್ಲೇಖಿಸುತ್ತಾರೆ, ಕೆಲವರು ಎಚ್ಚರಿಸಲು, ಕೆಲವರು ಹಿಂಪಡೆದದ್ದು ಗೊತ್ತಿಲ್ಲದೆ. ಹಾಗಾಗಿ ಇಬ್ಬರ ಹೆಸರನ್ನೂ, ಹಿಂಪಡೆದ ಪ್ರಬಂಧಗಳನ್ನು ದಾಖಲಿಸುವ ರಿಟ್ರ್ಯಾಕ್ಷನ್ ವಾಚ್ ದತ್ತಾಂಶಕೋಶದಲ್ಲಿ ಹುಡುಕಿ. ಅದು ಈಗ ಪ್ರಬಂಧಗಳ ವಿವರ ದಾಖಲಿಸುವ ಕ್ರಾಸ್‌ರೆಫ್ ಸಂಸ್ಥೆಯ ಮೂಲಕ ಎಲ್ಲರಿಗೂ ತೆರೆದಿದೆ. ಒಂದು ಹಿಂಪಡೆತ ಕಂಡ ತಕ್ಷಣ ಹೆದರಬೇಡಿ. ತನ್ನ ತಪ್ಪನ್ನು ತಾನೇ ಕಂಡುಹಿಡಿದು ಹಿಂಪಡೆದ ಸಂಶೋಧಕರ ಮೇಲೆ ನನಗೆ ಗೌರವ ಹೆಚ್ಚಾಗುತ್ತದೆ. ಕಾರಣವೇನೆಂದು ಓದಿ.

‘ಶೇ. 2’ ಪಟ್ಟಿಯ ಬಗ್ಗೆ. ಸ್ಟ್ಯಾನ್‌ಫರ್ಡ್‌ನ ಜಾನ್ ಅಯೊಆನಿಡಿಸ್ ಮತ್ತು ಸಂಗಡಿಗರು 2019ರಿಂದ ಸ್ಕೋಪಸ್ ದತ್ತಾಂಶ ಬಳಸಿ ಇದನ್ನು ಪ್ರಕಟಿಸುತ್ತಿದ್ದಾರೆ. ಇತ್ತೀಚಿನ ಆವೃತ್ತಿಗಳಲ್ಲಿ ಎರಡು ಲಕ್ಷದಷ್ಟು ಹೆಸರುಗಳಿರುತ್ತವೆ. ಸುದ್ದಿಗಳಲ್ಲಿ ಇದನ್ನು ಪ್ರಶಸ್ತಿಯಂತೆ ಬರೆಯುವುದರಿಂದ ಅದರ ನಿಜವಾದ ಉಪಯೋಗ ಮರೆಯಾಗಿದೆ. ಪಟ್ಟಿ ಎರಡು: ಇಡೀ ವೃತ್ತಿಜೀವನದ್ದು ಒಂದು, ಒಂದೇ ವರ್ಷದ ಉಲ್ಲೇಖಗಳದ್ದು ಇನ್ನೊಂದು. ಯಾವುದರಲ್ಲಿದ್ದಾರೆಂದು ಮೊದಲು ನೋಡಿ. ಅಂಕ ಕೊಡುವಾಗ ಆರು ಅಳತೆಗಳನ್ನು ಕೂಡಿಸುತ್ತಾರೆ: ಒಟ್ಟು ಉಲ್ಲೇಖ, ಎಚ್-ಇಂಡೆಕ್ಸ್, ಸಹಲೇಖಕರ ಸಂಖ್ಯೆಗೆ ತಕ್ಕಂತೆ ಹಂಚಿದ ಎಚ್-ಇಂಡೆಕ್ಸ್, ಒಬ್ಬರೇ ಬರೆದ ಪ್ರಬಂಧಗಳ ಉಲ್ಲೇಖ, ಅದರ ಜೊತೆಗೆ ಮೊದಲ ಲೇಖಕರಾಗಿ ಬರೆದವು, ಅವೆರಡರ ಜೊತೆಗೆ ಕೊನೆಯ ಲೇಖಕರಾಗಿ ಬರೆದವು. ಸಾಲುಸಾಲಾಗಿ ಎಲ್ಲವೂ ಹಾಳೆಯಲ್ಲಿ ಇರುತ್ತವೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸ್ವ-ಉಲ್ಲೇಖ ತೆಗೆದ ಮೇಲಿನ ಸ್ಥಾನವೂ ಇದೆ, 2024ರಿಂದ ಹಿಂಪಡೆದ ಪ್ರಬಂಧಗಳ ಮಾಹಿತಿಯೂ ಸೇರಿದೆ. ನಿಮ್ಮ ಮೊದಲನೆಯವರ ಸಾಲನ್ನು ತೆಗೆದು, ಮೊದಲ ಮತ್ತು ಕೊನೆಯ ಲೇಖಕರಾಗಿ ಅವರಿಗೆ ಬಂದ ಉಲ್ಲೇಖ ಒಟ್ಟಿನಲ್ಲಿ ಎಷ್ಟು ಪಾಲು ಎಂದು ನೋಡಿ. ಆ ಪಾಲು ದೊಡ್ಡದಾಗಿದ್ದರೆ ನಾನು ಮೇಲೆ ವ್ಯಕ್ತಪಡಿಸಿದ ಅನುಮಾನ ಬಹುಮಟ್ಟಿಗೆ ಕರಗುತ್ತದೆ.

ಸ್ವ-ಉಲ್ಲೇಖದ ಬಗ್ಗೆ ಅತಿಯಾಗಿ ತಲೆಕೆಡಿಸಿಕೊಳ್ಳಬೇಡಿ. ಒಂದೇ ರೋಗದ ಮೇಲೆ ಹತ್ತಾರು ವರ್ಷ ಕೆಲಸ ಮಾಡುವವರು ತಮ್ಮ ಹಿಂದಿನ ಕೆಲಸವನ್ನು ಉಲ್ಲೇಖಿಸದೆ ಮುಂದುವರಿಯಲಾರರು. ಅರ್ಧದಷ್ಟು ಉಲ್ಲೇಖ ಅವರದ್ದೂ ಅವರ ಸಹಲೇಖಕರದ್ದೂ ಆಗಿದ್ದರೆ ಮಾತ್ರ ನಿಂತು ಯೋಚಿಸಿ.

ಗೂಗಲ್ ಸ್ಕಾಲರ್‌ನ ಅಂಕಿಯನ್ನು ಸ್ಕೋಪಸ್ ಅಥವಾ ವೆಬ್ ಆಫ್ ಸೈನ್ಸ್‌ನ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸಬಾರದು. ಗೂಗಲ್ ಸ್ಕಾಲರ್ ಪ್ರಿಪ್ರಿಂಟ್ (ತಜ್ಞರ ವಿಮರ್ಶೆಗೆ ಮುಂಚೆಯೇ ಹೊರಬಿಟ್ಟ ಪ್ರಬಂಧ), ಪ್ರೌಢಪ್ರಬಂಧ, ವರದಿ ಎಲ್ಲವನ್ನೂ ಎಣಿಸುತ್ತದೆ, ಆದ್ದರಿಂದ ಸಂಖ್ಯೆ ಹೆಚ್ಚಿರುತ್ತದೆ. ಅದರ ಬಾಗಿಲು ಎಷ್ಟು ಸಡಿಲವೆಂದರೆ, ಫ್ರಾನ್ಸಿನ ಸಿರಿಲ್ ಲಾಬೆ 2010ರಲ್ಲಿ ಐಕ್ ಆಂಟ್‌ಕೇರ್ ಎಂಬ ಇಲ್ಲದ ವಿಜ್ಞಾನಿಯೊಬ್ಬನನ್ನು ಸೃಷ್ಟಿಸಿ, ಕಂಪ್ಯೂಟರ್ ಹೆಣೆದ ಅರ್ಥಹೀನ ಪ್ರಬಂಧಗಳಿಂದ ಅವನಿಗೆ 94ರ ಎಚ್-ಇಂಡೆಕ್ಸ್ ಕೊಡಿಸಿ ತೋರಿಸಿದರು. ಒಂದೇ ಹೆಸರಿನ ಇಬ್ಬರ ಕೆಲಸ ಒಂದೇ ಖಾತೆಗೆ ಸೇರುವುದೂ ಸಾಮಾನ್ಯ. ಕ್ಷಯದ ತಜ್ಞರ ಪಟ್ಟಿಯಲ್ಲಿ ಉಕ್ಕಿನ ತುಕ್ಕಿನ ಮೇಲಿನ ಪ್ರಬಂಧ ಕಂಡರೆ ಅದು ಮೋಸವಲ್ಲ, ಯಂತ್ರದ ಗೊಂದಲ. ಅವರ ಆರ್ಕಿಡ್ (ORCID, ಸಂಶೋಧಕರಿಗೆ ಕೊಡುವ ಪ್ರತ್ಯೇಕ ಗುರುತುಸಂಖ್ಯೆ) ಪುಟವಿದ್ದರೆ ಅದರೊಂದಿಗೆ ತಾಳೆ ನೋಡಿ.

380 ಎಂಬ ಪ್ರಬಂಧಗಳ ಸಂಖ್ಯೆಯನ್ನೂ ವರ್ಷಗಳಿಗೆ ಹಂಚಿ ನೋಡಬೇಕು. ಮೂವತ್ತು ವರ್ಷದಲ್ಲಿ 380 ಆಗಿದ್ದರೆ ದೊಡ್ಡ ತಂಡವಿರುವವರಿಗೆ ಅದು ಸಾಧ್ಯವಾದ ಗತಿ. ಅದರಲ್ಲಿ 200 ಕಳೆದ ಐದು ವರ್ಷದಲ್ಲೇ ಬಂದಿದ್ದರೆ ವರ್ಷಕ್ಕೆ 40, ಅಂದರೆ ಒಂಬತ್ತು ದಿನಕ್ಕೊಂದು. ಅಷ್ಟನ್ನು ಒಬ್ಬರು ಓದಿ ತಿದ್ದಲು ಸಮಯವೆಲ್ಲಿ? ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕರಾಗಲು ನಾಲ್ಕು ಷರತ್ತು ಇಟ್ಟಿದೆ: ಕೆಲಸದಲ್ಲಿ ಗಣನೀಯ ಪಾಲು, ಬರವಣಿಗೆ ಅಥವಾ ವಿಮರ್ಶಾತ್ಮಕ ತಿದ್ದುಪಡಿಯಲ್ಲಿ ಪಾಲು, ಕೊನೆಯ ರೂಪಕ್ಕೆ ಒಪ್ಪಿಗೆ, ಹೊಣೆಗಾರಿಕೆ. ಹಣ ತಂದುಕೊಟ್ಟರೆ ಅಥವಾ ವಿಭಾಗದ ಮುಖ್ಯಸ್ಥರಾಗಿದ್ದರೆ ಮಾತ್ರ ಸಾಲದು. ನಾಲ್ಕೂ ಷರತ್ತು ಒಂಬತ್ತು ದಿನಕ್ಕೊಮ್ಮೆ ಪೂರೈಸುವವರ ಬಳಿ ನಿಮ್ಮ ಕರಡಿಗೆ ಎಷ್ಟು ಹೊತ್ತು ಸಿಕ್ಕೀತು ಎಂದು ಕೇಳಿಕೊಳ್ಳುವ ಹಕ್ಕು ನಿಮಗಿದೆ.

ಹಾಗಾದರೆ ನೋಡಬೇಕಾದದ್ದೇನು? ವಿದ್ಯಾರ್ಥಿಯಾಗಿ ನಿಮಗೆ ಬೇಕಾದ ಮಾಹಿತಿ ಬೇರೆಯೇ ಇದೆ, ಅದು ಅದೇ ಪಟ್ಟಿಗಳಲ್ಲಿ ಅಡಗಿದೆ. ನಮ್ಮ ಕ್ಷೇತ್ರದ ರೂಢಿಯಂತೆ ಪ್ರಯೋಗ ಮಾಡಿ ಬರೆದವರು ಮೊದಲ ಲೇಖಕರು, ತಂಡ ನಡೆಸಿದವರು ಕೊನೆಯ ಲೇಖಕರು. ಇಬ್ಬರಲ್ಲಿ ಒಬ್ಬೊಬ್ಬರೂ ಕೊನೆಯ ಲೇಖಕರಾಗಿರುವ ಅವರವರ ಪ್ರಬಂಧಗಳನ್ನು ಮಾತ್ರ ಆರಿಸಿ, ಮೊದಲ ಲೇಖಕರು ಯಾರೆಂದು ಬರೆದುಕೊಳ್ಳಿ. ಅವರು ವಿದ್ಯಾರ್ಥಿಗಳೇ? ಪ್ರತಿಯೊಬ್ಬರಿಗೂ ಮೊದಲ ಹೆಸರಿನ ಪ್ರಬಂಧ ಒಂದಾದರೂ ಬಂದಿದೆಯೇ, ಅಥವಾ ಒಬ್ಬಿಬ್ಬರೇ ಎಲ್ಲದರಲ್ಲೂ ಇದ್ದು ಉಳಿದವರು ನಡುವೆ ಕಳೆದುಹೋಗಿದ್ದಾರೆಯೇ? ಸೇರಿದ ವರ್ಷಕ್ಕೂ ಮೊದಲ ಪ್ರಬಂಧಕ್ಕೂ ಎಷ್ಟು ಅಂತರ? ಆಮೇಲೆ ಅವರೆಲ್ಲ ಎಲ್ಲಿಗೆ ಹೋದರು? ಒಬ್ಬ ಮಾರ್ಗದರ್ಶಕರ ನಿಜವಾದ ಪ್ರಭಾವ ನನಗೆ ಕಾಣುವುದು ಈ ಹೆಸರುಗಳಲ್ಲಿ.

ಆಮೇಲೆ ಇಬ್ಬರ ತಲಾ ಮೂರು ಪ್ರಬಂಧಗಳನ್ನು ಪೂರ್ತಿ ಓದಿ. ಅವುಗಳನ್ನು ಉಲ್ಲೇಖಿಸಿದ ಹತ್ತು ಪ್ರಬಂಧಗಳನ್ನು ತೆರೆದು, ಯಾವ ಸಾಲಿನಲ್ಲಿ ಉಲ್ಲೇಖಿಸಿದ್ದಾರೆಂದು ನೋಡಿ. ‘ಕ್ಷಯ ಜಗತ್ತಿನ ದೊಡ್ಡ ಸಮಸ್ಯೆ’ ಎಂಬ ಮಾತಿನ ಹಿಂದೆ ಏಳು ಹೆಸರುಗಳ ಜೊತೆ ಎಂಟನೆಯದಾಗಿ ಬಂದ ಉಲ್ಲೇಖಕ್ಕೂ, ‘ನಾವು ಇವರ ವಿಧಾನವನ್ನೇ ಅನುಸರಿಸಿದೆವು’ ಎಂಬ ಉಲ್ಲೇಖಕ್ಕೂ ಅಜಗಜಾಂತರ. ಪತ್ರಿಕೆಗಳ ಹೊರಗಿನ ಕುರುಹುಗಳನ್ನೂ ಹುಡುಕಿ. ಎರಡು ಗಂಟೆಯೊಳಗೆ ಕ್ಷಯವನ್ನೂ ಅದರ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ನಿರೋಧಕತೆಯನ್ನೂ ಪತ್ತೆಮಾಡುವ ಎಕ್ಸ್‌ಪರ್ಟ್ ಪರೀಕ್ಷೆಯನ್ನು 1,730 ರೋಗಿಗಳಲ್ಲಿ ಒರೆಹಚ್ಚಿದ ಪ್ರಬಂಧ 2010ರಲ್ಲಿ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಪರೀಕ್ಷೆಗೆ ಬೆಂಬಲ ಕೊಟ್ಟಿತು. ಅಲ್ಲಿ ಉಲ್ಲೇಖವೂ ಬಳಕೆಯೂ ಜೊತೆಯಾಗಿ ನಡೆದವು. ಎಲ್ಲ ಕಡೆ ಹಾಗಾಗುವುದಿಲ್ಲ. ಔಷಧನಿರೋಧಕತೆ ತರುವ ಜೀನ್ ಬದಲಾವಣೆಗಳ ಪಟ್ಟಿಯನ್ನು ಅದೇ ಸಂಸ್ಥೆ 2021ರಲ್ಲಿ ಪ್ರಕಟಿಸಿದಾಗ ಅದರ ಹಿಂದೆ 38,000ಕ್ಕೂ ಹೆಚ್ಚು ರೋಗಾಣು ಮಾದರಿಗಳ ದತ್ತಾಂಶವಿತ್ತು. ಮಾದರಿ ಬೆಳೆಸಿ, ಪರೀಕ್ಷಿಸಿ, ದತ್ತಾಂಶ ಹಂಚಿಕೊಂಡ ಎಷ್ಟೋ ಪ್ರಯೋಗಾಲಯಗಳ ಎಚ್-ಇಂಡೆಕ್ಸ್ ಅದರಿಂದ ಒಂದಂಶವೂ ಮೇಲೇರಲಿಲ್ಲ. ನಿಮ್ಮ ಎರಡನೆಯವರು ಅಂಥ ಕೆಲಸದಲ್ಲಿ ತೊಡಗಿದ್ದಾರೆಯೇ ಎಂದು ನೇರವಾಗಿ ಅವರನ್ನೇ ಕೇಳಿ, ಸಂಕೋಚ ಬೇಡ.

ನಿಮ್ಮ ಮುಂದಿರುವ ಅಂಕಿಗಳಷ್ಟೇ ನನ್ನ ಮುಂದೆಯೂ ಇರುವಾಗ, ನಾನು ಮೊದಲು ಎರಡನೆಯವರ ಬಳಿಗೆ ಹೋಗಿ ಮಾತಾಡುತ್ತಿದ್ದೆ. 4.5ರ ಆ ಅನುಪಾತ, ಇಂಥ ನಿಧಾನದ ರೋಗದಲ್ಲಿ 70 ಪ್ರಬಂಧ: ಇವು ಸ್ಥಿರವಾಗಿ, ತಮ್ಮ ಕೈಯಾರೆ ಕೆಲಸ ಮಾಡುವವರ ಲಕ್ಷಣ. ಮೊದಲನೆಯವರ ಬಳಿ ಹೋಗಲು ಬಲವಾದ ಕಾರಣ ಒಂದಿರಬಹುದು, ಅದು 41,000 ಅಲ್ಲ. ಔಷಧಕ್ಕೆ ಬಗ್ಗದ ಕ್ಷಯದ ರೋಗಾಣುವನ್ನು ಬೆಳೆಸಲು ಮೂರನೇ ಹಂತದ ಜೈವಿಕ ಸುರಕ್ಷತೆಯ ಪ್ರಯೋಗಾಲಯ ಬೇಕು. ಅದಿಲ್ಲದಿದ್ದರೆ ನಿಮ್ಮ ವಿಷಯವೇ ಕಾಗದದ ಮೇಲೆ ಉಳಿಯುತ್ತದೆ. ಇಬ್ಬರಲ್ಲಿ ಯಾರ ಬಳಿ ಅದಿದೆ, ಅಥವಾ ಬೇರೆಡೆ ಬಳಸಲು ಬರವಣಿಗೆಯಲ್ಲಿ ಒಪ್ಪಂದವಿದೆಯೇ, ತರಬೇತಿ ಮುಗಿಸಿ ಒಳಗೆ ಹೋಗಲು ಹೊಸ ವಿದ್ಯಾರ್ಥಿ ಎಷ್ಟು ತಿಂಗಳು ಕಾಯಬೇಕು, ವಾರದಲ್ಲಿ ಎಷ್ಟು ದಿನ ಸಿಗುತ್ತದೆ ಎಂದು ಕೇಳಿ. ಉತ್ತರವನ್ನು ಅವರ ಈಗಿನ ಇಬ್ಬರು ವಿದ್ಯಾರ್ಥಿಗಳಿಂದಲೂ, ಬಿಟ್ಟುಹೋದ ಒಬ್ಬರಿಂದಲೂ ಖಚಿತಪಡಿಸಿಕೊಂಡು, ಆಮೇಲೆ ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿ.